ಷರತ್ತುಬದ್ಧ ಕಂಪೈಲೇಷನ್ ಫ್ಲ್ಯಾಗ್‌ಗಳ ಪರೀಕ್ಷೆ

ಷರತ್ತುಬದ್ಧ ಕಂಪೈಲೇಷನ್ ಎಂಬುದು ಒಂದೇ ಮೂಲ ಕೋಡ್‌ನಿಂದ, ಕಂಪೈಲ್ ಮಾಡುವ ವೇಳೆಯಲ್ಲಿ ನೀಡಲಾಗುವ ಷರತ್ತುಗಳಿಗೆ ಅನುಸಾರವಾಗಿ, ತಂತ್ರಾಂಶದ ಬೇರೆ ಬೇರೆ ಆವೃತ್ತಿಗಳನ್ನು ಸಿದ್ಧಪಡಿಸುವ ವಿಧಾನವಾಗಿದೆ. ಈ ಷರತ್ತುಗಳನ್ನು ಸೂಚಿಸುವ ಹೆಸರುಗಳಿಗೆ ಫ್ಲ್ಯಾಗ್‌ಗಳೆಂದು ಕರೆಯುತ್ತಾರೆ. ಫ್ಲ್ಯಾಗ್ ಜಾರಿಯಲ್ಲಿದ್ದರೆ ಅದಕ್ಕೆ ಸಂಬಂಧಿಸಿದ ಕೋಡ್ ಭಾಗವು ಕಂಪೈಲರಿಗೆ ತಲುಪುತ್ತದೆ. ಇಲ್ಲದಿದ್ದರೆ ಆ ಭಾಗವು ಬರೆದೇ ಇಲ್ಲವೆಂಬಂತೆ ಬಿಟ್ಟುಹೋಗುತ್ತದೆ. ಫ್ಲ್ಯಾಗ್‌ನ ಹೆಸರು ಸರಿಯಾಗಿದೆಯೇ, ಅದಕ್ಕೆ ಕೊಟ್ಟ ಬೆಲೆ ಒಪ್ಪತಕ್ಕದ್ದೇ, ಅಗತ್ಯವಾದ ಫ್ಲ್ಯಾಗ್ ಬಿಟ್ಟುಹೋಗಿದೆಯೇ ಎಂಬುದನ್ನು ಕಂಪೈಲ್ ಹಂತದಲ್ಲಿಯೇ ಪರಿಶೀಲಿಸುವ ಕ್ರಮಗಳು ಈ ಲೇಖನದ ವಿಷಯ.

ಈ ಪರೀಕ್ಷೆಯ ಅಗತ್ಯಕ್ಕೆ ಮೂಲ ಕಾರಣ ಒಂದೇ. ಹಲವು ಭಾಷೆಗಳಲ್ಲಿ 'ಇಲ್ಲದ ಫ್ಲ್ಯಾಗ್' ಮತ್ತು 'ತಪ್ಪಾಗಿ ಬರೆದ ಫ್ಲ್ಯಾಗ್' ಇವೆರಡರ ನಡುವೆ ಕಂಪೈಲರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದುದರಿಂದ ಕಾಗುಣಿತದ ಒಂದು ತಪ್ಪು ಯಾವ ಎಚ್ಚರಿಕೆಯೂ ಇಲ್ಲದೆ ಕೋಡ್‌ನ ಒಂದು ಭಾಗವನ್ನೇ ಕಾಣೆಯಾಗಿಸಬಲ್ಲದು.

(ಓದುಗರ ಅನುಕೂಲಕ್ಕಾಗಿ ಈ ಲೇಖನದಲ್ಲಿ ಆದೇಶಗಳನ್ನೂ ಫ್ಲ್ಯಾಗ್ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ವಾಡಿಕೆಯಲ್ಲಿ ಇವುಗಳನ್ನು ರೋಮನ್ ಲಿಪಿಯಲ್ಲಿ ಬರೆಯುತ್ತಾರೆ.)

## ಹಿನ್ನೆಲೆ

ಸಿ ಭಾಷೆಯನ್ನು 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದರು. ಕಂಪೈಲರಿಗಿಂತ ಮೊದಲು ಕೆಲಸ ಮಾಡುವ ಪ್ರಿಪ್ರೊಸೆಸರ್ ಎಂಬ ಭಾಗವು 1972–73ರ ಸುಮಾರಿಗೆ, ಅಲನ್ ಸ್ನೈಡರ್ ಅವರ ಒತ್ತಾಯದಿಂದ ಭಾಷೆಗೆ ಸೇರಿತು. ಮೊದಲಿಗೆ ಬೇರೊಂದು ಕಡತವನ್ನು ಸೇರಿಸುವುದು ಮತ್ತು ಒಂದು ಹೆಸರಿಗೆ ಬದಲಾಗಿ ಬೇರೊಂದು ಪಠ್ಯವನ್ನು ಇರಿಸುವುದು ಮಾತ್ರ ಅದರ ಕೆಲಸವಾಗಿತ್ತು. ಅನಂತರ ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅವರು ಅದನ್ನು ವಿಸ್ತರಿಸಿದಾಗ ಷರತ್ತುಬದ್ಧ ಕಂಪೈಲೇಷನ್ ಸಾಧ್ಯವಾಯಿತು. 1989ರಲ್ಲಿ ಸಿ ಭಾಷೆಗೆ ಅಮೆರಿಕದ ರಾಷ್ಟ್ರೀಯ ಮಾನಕ ದೊರೆತಾಗ ಈ ಆದೇಶಗಳೂ ಅದರ ಭಾಗವಾದವು.

ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆಯು ಬೇರೆ ಬೇರೆ ಯಂತ್ರಗಳಿಗೆ ಹರಡಿದಾಗ, ಪ್ರತಿ ಯಂತ್ರಕ್ಕೂ ಪ್ರತ್ಯೇಕ ಕೋಡ್ ಬರೆಯುವ ಬದಲು ಒಂದೇ ಕೋಡ್‌ನಲ್ಲಿ ಯಂತ್ರಭೇದಗಳನ್ನು ಫ್ಲ್ಯಾಗ್‌ಗಳ ಮೂಲಕ ಗುರುತಿಸುವ ರೂಢಿ ಬೆಳೆಯಿತು. ಇಂದು ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್ ಮುಂತಾದ ವ್ಯವಸ್ಥೆಗಳಲ್ಲಿ ಓಡಬೇಕಾದ ತಂತ್ರಾಂಶಗಳಲ್ಲಿ ಈ ಕ್ರಮ ಸಾಮಾನ್ಯವಾಗಿದೆ.

## ಕಾರ್ಯವಿಧಾನ

ಸಿ ಮತ್ತು ಸಿ++ ಭಾಷೆಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಷರತ್ತುಗಳಿವೆ.

* #ಇಫ್‌ಡೆಫ್: ಹೆಸರು ಘೋಷಿತವಾಗಿದೆಯೇ ಎಂಬುದನ್ನು ಮಾತ್ರ ಕೇಳುತ್ತದೆ. ಅದರ ಬೆಲೆ ಏನೆಂಬುದು ಇಲ್ಲಿ ಮುಖ್ಯವಲ್ಲ. ಬೆಲೆ 0 ಆಗಿದ್ದರೂ ಹೆಸರು ಘೋಷಿತವಾಗಿದ್ದರೆ ಷರತ್ತು ಸತ್ಯವಾಗುತ್ತದೆ.
* #ಇಫ್: ಒಂದು ಗಣಿತೋಕ್ತಿಯ ಬೆಲೆಯನ್ನು ಲೆಕ್ಕಹಾಕುತ್ತದೆ. ಉಕ್ತಿಯಲ್ಲಿ ಘೋಷಣೆಯಾಗದ ಹೆಸರು ಇದ್ದರೆ ಅದನ್ನು 0 ಎಂದು ಗಣಿಸಬೇಕೆಂಬುದು ಭಾಷೆಯ ಮಾನಕದಲ್ಲಿಯೇ ಇರುವ ನಿಯಮ.

ಎರಡೂ ಸಂದರ್ಭಗಳಲ್ಲಿ ಅಪರಿಚಿತ ಹೆಸರು ದೋಷವೆನಿಸುವುದಿಲ್ಲ. ಅಪರಿಚಿತ ಹೆಸರು ಎಂದರೆ 'ಇಲ್ಲ' ಎಂಬ ಉತ್ತರ, ಅಷ್ಟೆ.

### ಒಂದು ಕಲ್ಪಿತ ಉದಾಹರಣೆ

ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ್ ಜಿಲ್ಲೆಯು ಮಹಾರಾಷ್ಟ್ರ ಮತ್ತು ತೆಲಂಗಾಣಗಳ ಗಡಿಗೆ ಹೊಂದಿಕೊಂಡಿದೆ. ಇಲ್ಲಿ ಕನ್ನಡದೊಂದಿಗೆ ಮರಾಠಿ, ಉರ್ದು, ತೆಲುಗು ಮತ್ತು ಹಿಂದಿ ಭಾಷೆಗಳೂ ಬಳಕೆಯಲ್ಲಿವೆ. ಈ ಜಿಲ್ಲೆಯ ಗ್ರಂಥಾಲಯಗಳಿಗಾಗಿ ಸದಸ್ಯರ ಚೀಟಿಗಳನ್ನು ಅಚ್ಚುಮಾಡುವ ತಂತ್ರಾಂಶವೊಂದನ್ನು ಬರೆಯಲಾಗಿದೆ ಎಂದು ಭಾವಿಸೋಣ. ಎಲ್ಲ ಆವೃತ್ತಿಗಳಲ್ಲಿಯೂ ಕನ್ನಡ ಇರುತ್ತದೆ. ಬೀದರ್ ನಗರದ ಆವೃತ್ತಿಗೆ ಬಲದಿಂದ ಎಡಕ್ಕೆ ಬರೆಯುವ ಉರ್ದು ಲಿಪಿಯ ಸೌಲಭ್ಯವೂ, ಭಾಲ್ಕಿ ಮತ್ತು ಔರಾದ್‌ಗಳ ಆವೃತ್ತಿಗೆ ಮರಾಠಿಗೆ ಬೇಕಾದ ದೇವನಾಗರಿ ಲಿಪಿಯ ಸೌಲಭ್ಯವೂ ಫ್ಲ್ಯಾಗ್‌ಗಳ ಮೂಲಕ ಸೇರುತ್ತವೆ. ಕೋಡ್‌ನ ಒಂದು ಕಡತದಲ್ಲಿ ಹೀಗಿದೆ:

    #ಇಫ್‌ಡೆಫ್ ಮರಾಟಿ
        ದೇವನಾಗರಿ_ಅಕ್ಷರಗಳನ್ನು_ಸಿದ್ಧಪಡಿಸು();
    #ಎಂಡಿಫ್

ಭಾಲ್ಕಿ ಮತ್ತು ಔರಾದ್ ಆವೃತ್ತಿಗಳನ್ನು ಸಿದ್ಧಪಡಿಸುವಾಗ ಕೊಡುವ ಫ್ಲ್ಯಾಗ್ 'ಮರಾಠಿ'. ಕಡತದಲ್ಲಿ ಬರೆದಿರುವುದು 'ಮರಾಟಿ'. ಮಹಾಪ್ರಾಣವೊಂದು ತಪ್ಪಿದೆ. ಓದುವವರಿಗೆ ಎರಡೂ ಒಂದೇ ಅರ್ಥ ಕೊಡಬಹುದು, ಆದರೆ ಕಂಪೈಲರಿಗೆ ಅವು ಸಂಬಂಧವಿಲ್ಲದ ಎರಡು ಹೆಸರುಗಳು. 'ಮರಾಟಿ' ಎಂಬ ಫ್ಲ್ಯಾಗ್ ಇಲ್ಲವೆಂದು ತೀರ್ಮಾನಿಸಿ, ನಡುವಿನ ಸಾಲನ್ನು ಬಿಟ್ಟು, ಕಂಪೈಲರ್ ತನ್ನ ಕೆಲಸವನ್ನು ಯಶಸ್ವಿಯಾಗಿ ಮುಗಿಸುತ್ತದೆ. ತಂತ್ರಾಂಶ ತೆರೆಯುತ್ತದೆ, ಕನ್ನಡದ ಹೆಸರುಗಳು ಸರಿಯಾಗಿ ಅಚ್ಚಾಗುತ್ತವೆ. ಮರಾಠಿ ಹೆಸರಿರುವ ಸದಸ್ಯರ ಚೀಟಿಯಲ್ಲಿ ಮಾತ್ರ ಅಕ್ಷರಗಳ ಬದಲು ಖಾಲಿ ಚೌಕಗಳು ಬರುತ್ತವೆ.

ತಂತ್ರಾಂಶದ ಪರೀಕ್ಷೆ ಬೀದರ್ ನಗರದ ಆವೃತ್ತಿಯಲ್ಲಿ ಮಾತ್ರ ನಡೆದಿದ್ದರೆ ಈ ದೋಷ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅಲ್ಲಿ ಆ ಫ್ಲ್ಯಾಗ್ ಜಾರಿಯಲ್ಲಿರುವುದೇ ಇಲ್ಲ. ಷರತ್ತುಬದ್ಧ ಕಂಪೈಲೇಷನ್‌ನ ದೋಷಗಳಿಗೆ ಇದು ಸಾಮಾನ್ಯ ಲಕ್ಷಣ. ಹೆಚ್ಚು ಬಳಕೆಯಲ್ಲಿರುವ ಆವೃತ್ತಿಯು ಸರಿಯಾಗಿರುತ್ತದೆ. ಕಡಿಮೆ ಜನರು ಬಳಸುವ ಆವೃತ್ತಿಯು ದೋಷವನ್ನು ಹೊರುತ್ತದೆ. ದೋಷವನ್ನು ಮೊದಲು ಕಾಣುವವನು ಅದನ್ನು ತಿದ್ದಲಾರದ ಬಳಕೆದಾರನಾಗಿರುತ್ತಾನೆ.

ಹೆಸರು ಬದಲಾವಣೆಯಿಂದಲೂ ಇದೇ ಪರಿಣಾಮ ಉಂಟಾಗಬಲ್ಲದು. 2014ರ ನವೆಂಬರ್ 1ರಂದು ಗುಲ್ಬರ್ಗಾ ನಗರದ ಹೆಸರು ಕಲಬುರಗಿ ಎಂದಾಯಿತು. ಊರಿನ ಹೆಸರನ್ನೇ ಫ್ಲ್ಯಾಗ್ ಆಗಿ ಬಳಸಿದ ಕೋಡ್‌ನಲ್ಲಿ ಹತ್ತು ಕಡತಗಳ ಪೈಕಿ ಒಂಬತ್ತರಲ್ಲಿ ಹೊಸ ಹೆಸರನ್ನು ತಿದ್ದಿ ಒಂದರಲ್ಲಿ ಹಳೆಯದನ್ನು ಬಿಟ್ಟರೆ, ಆ ಒಂದು ಕಡತದ ಭಾಗವು ಅಂದಿನಿಂದ ಮೌನವಾಗಿ ನಿಷ್ಕ್ರಿಯವಾಗುತ್ತದೆ.

## ಕನ್ನಡ ಲಿಪಿ ಮತ್ತು ಯೂನಿಕೋಡ್ ಫ್ಲ್ಯಾಗ್

ಮೇಲಿನ ಉದಾಹರಣೆ ಕಲ್ಪಿತವಾದರೂ, ಫ್ಲ್ಯಾಗ್ ಒಂದರ ಗೈರುಹಾಜರಿಯಿಂದ ಕನ್ನಡ ಅಕ್ಷರಗಳೇ ಅಳಿಸಿಹೋಗುವ ವಾಸ್ತವ ಸನ್ನಿವೇಶ ವಿಂಡೋಸ್ ವ್ಯವಸ್ಥೆಯಲ್ಲಿದೆ. ವಿಂಡೋಸ್‌ನ ಪಠ್ಯಸಂಬಂಧಿ ಕಾರ್ಯಗಳಲ್ಲಿ ಅನೇಕವು ಎರಡೆರಡು ರೂಪಗಳಲ್ಲಿವೆ. ಒಂದು, 'ಎ' ಅಕ್ಷರದಿಂದ ಕೊನೆಗೊಳ್ಳುವ ಹಳೆಯ ಆನ್ಸಿ ರೂಪ. ಇನ್ನೊಂದು, 'ಡಬ್ಲ್ಯೂ' ಅಕ್ಷರದಿಂದ ಕೊನೆಗೊಳ್ಳುವ ಯೂನಿಕೋಡ್ ರೂಪ. ಪ್ರೋಗ್ರಾಂನಲ್ಲಿ ಈ ಎರಡೂ ಅಕ್ಷರಗಳಿಲ್ಲದ ಸಾಮಾನ್ಯ ಹೆಸರನ್ನು ಬರೆದರೆ, ಯಾವ ರೂಪವನ್ನು ಆರಿಸಬೇಕೆಂಬುದನ್ನು 'ಯೂನಿಕೋಡ್' ಎಂಬ ಫ್ಲ್ಯಾಗ್ ನಿರ್ಧರಿಸುತ್ತದೆ.

ಯೂನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ ಸ್ಥಾನವಿದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ 'ತುಂಗಾ' ಎಂಬ ಕನ್ನಡ ಯೂನಿಕೋಡ್ ಅಕ್ಷರವಿನ್ಯಾಸವೂ ದೊರೆಯಿತು. ಆದರೆ ಇಂಗ್ಲಿಷ್, ರಷ್ಯನ್, ಅರೇಬಿಕ್ ಮುಂತಾದ ಭಾಷೆಗಳಿಗಿರುವಂತೆ ವಿಂಡೋಸ್‌ನಲ್ಲಿ ಕನ್ನಡಕ್ಕೆ ತನ್ನದೇ ಆದ ಆನ್ಸಿ ಸಂಕೇತಪುಟವಿಲ್ಲ. ಯೂನಿಕೋಡ್ ಮೂಲಕವೇ ಕನ್ನಡವನ್ನು ಬಳಸಬೇಕು. ಆದ್ದರಿಂದ ಫ್ಲ್ಯಾಗ್ ಬಿಟ್ಟುಹೋಗಿ ಆನ್ಸಿ ರೂಪ ಆಯ್ಕೆಯಾದರೆ, ಇಂಗ್ಲಿಷ್ ಪಠ್ಯಕ್ಕೆ ಏನೂ ಆಗುವುದಿಲ್ಲ; ಕನ್ನಡ ಅಕ್ಷರಗಳನ್ನು ಆ ರೂಪಕ್ಕೆ ಪರಿವರ್ತಿಸಿದಾಗ ಅವು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತವೆ. ಹಾಗೆ ಬದಲಾದ ಪಠ್ಯವನ್ನು ಉಳಿಸಿಬಿಟ್ಟರೆ ಮೂಲ ಅಕ್ಷರಗಳನ್ನು ಮರಳಿ ಪಡೆಯಲಾಗದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸ್‌ನ ಶೀರ್ಷಕಡತಗಳು ನೋಡುವ ಫ್ಲ್ಯಾಗ್ 'ಯೂನಿಕೋಡ್'. ಸಿ ಭಾಷೆಯ ಗ್ರಂಥಾಲಯದ ಶೀರ್ಷಕಡತಗಳು ನೋಡುವುದು ಅದೇ ಹೆಸರಿನ ಮುಂದೆ ಅಡಿಗೆರೆ ಸೇರಿಸಿದ '_ಯೂನಿಕೋಡ್' ಎಂಬ ಫ್ಲ್ಯಾಗ್. ಎರಡನ್ನೂ ಜೊತೆಯಾಗಿ, ಶೀರ್ಷಕಡತಗಳನ್ನು ಸೇರಿಸುವುದಕ್ಕೆ ಮುಂಚೆಯೇ ಘೋಷಿಸಬೇಕು. ಇದನ್ನು ಖಚಿತಪಡಿಸಲು ಕಡತದ ಮೊದಲಿಗೆ ಕೆಳಗಿನ ಪರೀಕ್ಷೆಯನ್ನು ಇರಿಸಬಹುದು:

    #ಇಫ್ !ಡಿಫೈನ್ಡ್(ಯೂನಿಕೋಡ್) || !ಡಿಫೈನ್ಡ್(_ಯೂನಿಕೋಡ್)
    #ಎರರ್ "ಯೂನಿಕೋಡ್ ಫ್ಲ್ಯಾಗ್‌ಗಳಿಲ್ಲದೆ ಕನ್ನಡ ಪಠ್ಯ ಉಳಿಯದು"
    #ಎಂಡಿಫ್

#ಎರರ್ ಆದೇಶವು ಕಂಪೈಲೇಷನ್ ಅನ್ನು ಅಲ್ಲಿಯೇ ನಿಲ್ಲಿಸಿ ಸಂದೇಶವನ್ನು ತೋರಿಸುತ್ತದೆ. ಬಳಕೆದಾರನ ಕಡತ ಹಾಳಾದ ಮೇಲೆ ತಿಳಿಯಬೇಕಾದ ದೋಷವು ಹೀಗೆ ಪ್ರೋಗ್ರಾಂ ಬರೆಯುವವರ ಮೇಜಿನ ಮೇಲೆಯೇ ತಿಳಿಯುತ್ತದೆ.

## ದಾಖಲಾದ ಪ್ರಕರಣಗಳು

### ಲಿನಕ್ಸ್ ಕರ್ನಲ್

ಲಿನಕ್ಸ್ ಕರ್ನಲ್‌ನಲ್ಲಿ ಸಾವಿರಾರು ಫ್ಲ್ಯಾಗ್‌ಗಳಿದ್ದು, ಅವುಗಳನ್ನು ಕೆಕಾನ್ಫಿಗ್ ಎಂಬ ಪ್ರತ್ಯೇಕ ಭಾಷೆಯಲ್ಲಿ ಘೋಷಿಸಲಾಗುತ್ತದೆ. ಕೋಡ್‌ನಲ್ಲಿರುವ ಹೆಸರುಗಳಿಗೂ ಈ ಘೋಷಣೆಗಳಿಗೂ ತಾಳೆ ಇದೆಯೇ ಎಂಬುದನ್ನು ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿ 2011ರ ಯೂರೋಸಿಸ್ ಸಮ್ಮೇಳನದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಅವರು ಗುರುತಿಸಿದ ಅಸಂಗತಿಗಳ ಸಂಖ್ಯೆ 1,776. ಅವುಗಳಲ್ಲೊಂದು ಹೆಚ್ಚಾಗಿ ಉಲ್ಲೇಖಗೊಳ್ಳುತ್ತದೆ: ಘೋಷಿತವಾದ ಹೆಸರು 'ಹಾಟ್‌ಪ್ಲಗ್_ಸಿಪಿಯು', ಕೋಡ್‌ನಲ್ಲಿ ಬರೆದದ್ದು 'ಸಿಪಿಯು_ಹಾಟ್‌ಪ್ಲಗ್'. ಪದಗಳು ಹಿಂದುಮುಂದಾದ ಕಾರಣ, ಪ್ರೊಸೆಸರ್ ಒಂದನ್ನು ನಿಲ್ಲಿಸಿದಾಗ ಅದಕ್ಕೆ ಮೀಸಲಾಗಿದ್ದ ಸ್ಮರಣೆಯನ್ನು ಬಿಡುಗಡೆ ಮಾಡಬೇಕಾದ ಕೋಡ್ ಯಾವ ಕಂಪ್ಯೂಟರಿನಲ್ಲಿಯೂ ಕಂಪೈಲ್ ಆಗುತ್ತಿರಲಿಲ್ಲ. ಜಗತ್ತಿನ ನುರಿತ ಪ್ರೋಗ್ರಾಮರುಗಳು ಪರಿಶೀಲಿಸುವ ಕೋಡ್‌ನಲ್ಲಿಯೂ ಇಂಥ ತಪ್ಪು ಉಳಿಯಬಲ್ಲದೆಂಬುದಕ್ಕೆ ಇದು ನಿದರ್ಶನ. ಘೋಷಣೆಯಾಗದ ಹೆಸರುಗಳನ್ನು ಹುಡುಕುವ ಸಾಧನವೊಂದು ಈಗ ಕರ್ನಲ್‌ನ ಮೂಲ ಕೋಡ್‌ನೊಂದಿಗೆಯೇ ದೊರೆಯುತ್ತದೆ.

### ಎಕ್ಸ್‌ಝಡ್ ಪ್ರಕರಣ

ಕಡತಗಳನ್ನು ಸಂಕುಚಿಸುವ ಎಕ್ಸ್‌ಝಡ್ ಎಂಬ ಮುಕ್ತ ತಂತ್ರಾಂಶದಲ್ಲಿ ಹಿಂಬಾಗಿಲೊಂದನ್ನು ಅಡಗಿಸಿಟ್ಟಿರುವುದನ್ನು ಆಂಡ್ರೆಸ್ ಫ್ರಾಯಿಂಡ್ 2024ರ ಮಾರ್ಚ್ 29ರಂದು ಬಹಿರಂಗಪಡಿಸಿದರು. ಅನಂತರದ ಪರಿಶೀಲನೆಯಲ್ಲಿ, ಹಿಂಬಾಗಿಲಿನಿಂದ ಪ್ರತ್ಯೇಕವಾದ ಇನ್ನೊಂದು ಅಂಶವೂ ಹೊರಬಂದಿತು. 'ಲ್ಯಾಂಡ್‌ಲಾಕ್' ಎಂಬ ಲಿನಕ್ಸ್ ಸುರಕ್ಷತಾ ಸೌಲಭ್ಯ ಲಭ್ಯವಿದೆಯೇ ಎಂದು ತಿಳಿಯಲು ಸಿಮೇಕ್ ಎಂಬ ನಿರ್ಮಾಣ ವ್ಯವಸ್ಥೆಯು ಒಂದು ಪುಟ್ಟ ಪ್ರೋಗ್ರಾಂ ಅನ್ನು ಕಂಪೈಲ್ ಮಾಡಿ ನೋಡುತ್ತಿತ್ತು. ಅದು ಕಂಪೈಲ್ ಆದರೆ ಸೌಲಭ್ಯ ಇದೆ, ಆಗದಿದ್ದರೆ ಇಲ್ಲ. ಆ ಪುಟ್ಟ ಪ್ರೋಗ್ರಾಂನಲ್ಲಿ ಸಾಲಿನ ಆರಂಭಕ್ಕೆ ಒಂದೇ ಒಂದು ಚುಕ್ಕೆ ಸೇರಿಕೊಂಡಿತ್ತು. ಚುಕ್ಕೆಯ ಕಾರಣ ಅದು ಎಂದೂ ಕಂಪೈಲ್ ಆಗುತ್ತಿರಲಿಲ್ಲ. ಸೌಲಭ್ಯ ಇರುವ ಯಂತ್ರದಲ್ಲಿಯೂ 'ಇಲ್ಲ' ಎಂಬ ಉತ್ತರವೇ ಬರುತ್ತಿತ್ತು. ಸಂಬಂಧಿಸಿದ ಫ್ಲ್ಯಾಗ್ ಜಾರಿಯಾಗದೆ ಸುರಕ್ಷತಾ ಕೋಡ್ ಮೌನವಾಗಿ ಬಿಟ್ಟುಹೋಗುತ್ತಿತ್ತು.

ಮೊದಲ ಪ್ರಕರಣದಲ್ಲಿ ಫ್ಲ್ಯಾಗ್‌ನ ಹೆಸರು ತಪ್ಪಾಗಿತ್ತು. ಎರಡನೆಯದರಲ್ಲಿ ಹೆಸರು ಸರಿಯಾಗಿದ್ದು ಅದರ ಬೆಲೆಯನ್ನು ನಿರ್ಧರಿಸುವ ವಿಧಾನ ತಪ್ಪಾಗಿತ್ತು. ಇವೆರಡನ್ನೂ ಒಂದೇ ಪರೀಕ್ಷೆಯಿಂದ ಹಿಡಿಯಲಾಗದು ಎಂಬುದನ್ನು ಗಮನಿಸಬೇಕು.

## ವಿವಿಧ ಭಾಷೆಗಳಲ್ಲಿ ಪರೀಕ್ಷೆಯ ಕ್ರಮಗಳು

### ಸಿ ಮತ್ತು ಸಿ++

ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರುಗಳಲ್ಲಿ 'ಡಬ್ಲ್ಯೂಅನ್‌ಡೆಫ್' ಎಂಬ ಆಯ್ಕೆಯಿದೆ. #ಇಫ್ ಉಕ್ತಿಯಲ್ಲಿ ಘೋಷಣೆಯಾಗದ ಹೆಸರು ಬಂದರೆ ಇದು ಎಚ್ಚರಿಸುತ್ತದೆ. ಆದರೆ #ಇಫ್‌ಡೆಫ್ ಬಳಸಿದ ಕಡೆ ಎಚ್ಚರಿಸುವುದಿಲ್ಲ, ಏಕೆಂದರೆ ಹೆಸರು ಇಲ್ಲದಿರುವುದು ಅಲ್ಲಿ ನ್ಯಾಯಸಮ್ಮತವಾದ ಉತ್ತರ. ಆದ್ದರಿಂದ ಪ್ರತಿಯೊಂದು ಫ್ಲ್ಯಾಗ್‌ಗೂ ಒಂದೇ ಕಡತದಲ್ಲಿ 0 ಅಥವಾ 1 ಎಂಬ ಬೆಲೆಯನ್ನು ಕಡ್ಡಾಯವಾಗಿ ಕೊಟ್ಟು, ಎಲ್ಲೆಡೆ #ಇಫ್ ಅನ್ನೇ ಬಳಸುವುದು ಸುರಕ್ಷಿತ ಕ್ರಮ.

ಕ್ಯೂಟಿ ಎಂಬ ಸಿ++ ಗ್ರಂಥಾಲಯವು ಇದಕ್ಕೆ ಅಂಕಗಣಿತದ ಉಪಾಯವೊಂದನ್ನು ಬಳಸುತ್ತದೆ. ಅಲ್ಲಿ ಸೌಲಭ್ಯವಿದ್ದರೆ ಫ್ಲ್ಯಾಗ್‌ನ ಬೆಲೆ 1, ಇಲ್ಲದಿದ್ದರೆ −1. ಪರೀಕ್ಷಿಸುವಾಗ 1ನ್ನು ಆ ಬೆಲೆಯಿಂದ ಭಾಗಿಸಿ, ಭಾಗಲಬ್ಧ 1 ಆಗಿದೆಯೇ ಎಂದು ನೋಡಲಾಗುತ್ತದೆ. 1ನ್ನು 1ರಿಂದ ಭಾಗಿಸಿದರೆ 1, ಅಂದರೆ 'ಇದೆ'. 1ನ್ನು −1ರಿಂದ ಭಾಗಿಸಿದರೆ −1, ಅಂದರೆ 'ಇಲ್ಲ'. ಹೆಸರನ್ನು ತಪ್ಪಾಗಿ ಬರೆದಿದ್ದರೆ, ಅಪರಿಚಿತ ಹೆಸರನ್ನು 0 ಎಂದು ಗಣಿಸುವ ನಿಯಮದಂತೆ, 1ನ್ನು 0ರಿಂದ ಭಾಗಿಸಬೇಕಾಗುತ್ತದೆ. ಸೊನ್ನೆಯಿಂದ ಭಾಗಿಸುವುದು ಅಸಾಧ್ಯವಾದುದರಿಂದ ಕಂಪೈಲರ್ ದೋಷ ತೋರಿಸಿ ನಿಲ್ಲುತ್ತದೆ. ಮೌನಕ್ಕೆ ಕಾರಣವಾಗಿದ್ದ ನಿಯಮವೇ ಇಲ್ಲಿ ತಪ್ಪನ್ನು ಹಿಡಿದುಕೊಡುತ್ತದೆ.

### ರಸ್ಟ್

ರಸ್ಟ್ ಭಾಷೆಯಲ್ಲಿ ಷರತ್ತುಗಳನ್ನು 'ಸಿಎಫ್‌ಜಿ' ಎಂಬ ಗುಣಸೂಚಕದ ಮೂಲಕ ಬರೆಯುತ್ತಾರೆ. 2024ರ ಜುಲೈ 25ರಂದು ಬಿಡುಗಡೆಯಾದ 1.80ನೆಯ ಆವೃತ್ತಿಯಿಂದ ಫ್ಲ್ಯಾಗ್‌ಗಳ ಹೆಸರು ಮತ್ತು ಬೆಲೆ ಎರಡನ್ನೂ ಪರೀಕ್ಷಿಸುವ ವ್ಯವಸ್ಥೆ ಸಾಮಾನ್ಯ ಬಳಕೆಗೆ ಬಂದಿದೆ. ಭಾಷೆಗೆ ಮೊದಲೇ ತಿಳಿದಿರುವ ಹೆಸರುಗಳು, ಕಾರ್ಗೋ ಕಡತದಲ್ಲಿ ಘೋಷಿಸಿದ ಸೌಲಭ್ಯಗಳು, ಪ್ರೋಗ್ರಾಮರ್ ತಾನಾಗಿ ಸೂಚಿಸಿದ ಹೆಸರುಗಳು ಸೇರಿ ಒಂದು ನಿರೀಕ್ಷಿತ ಪಟ್ಟಿಯಾಗುತ್ತದೆ. ಪಟ್ಟಿಯಲ್ಲಿಲ್ಲದ ಹೆಸರು ಕಂಡರೆ ಕಂಪೈಲರ್ 'ಅನಿರೀಕ್ಷಿತ' ಎಂದು ಎಚ್ಚರಿಸಿ, ಹತ್ತಿರದ ಹೆಸರೇನಾದರೂ ಇದ್ದರೆ ಅದನ್ನು ಸೂಚಿಸುತ್ತದೆ. ಮೇಲಿನ ಗ್ರಂಥಾಲಯದ ಉದಾಹರಣೆಯನ್ನು ರಸ್ಟ್‌ನಲ್ಲಿ ಬರೆದಿದ್ದರೆ, 'ಮರಾಟಿ' ಎಂಬುದು ಪಟ್ಟಿಯಲ್ಲಿಲ್ಲವೆಂದೂ 'ಮರಾಠಿ' ಎಂಬ ಹೆಸರಿದೆಯೆಂದೂ ಕಂಪೈಲ್ ಹಂತದಲ್ಲಿಯೇ ತಿಳಿಯುತ್ತಿತ್ತು. ಇದು ಸ್ವತಃ ಎಚ್ಚರಿಕೆ ಮಾತ್ರ. ಬೇಕಾದಲ್ಲಿ ಇದನ್ನು ದೋಷವೆಂದು ಪರಿಗಣಿಸುವಂತೆ ಆದೇಶಿಸಬಹುದು.

### ಇತರ ಭಾಷೆಗಳು

* ಸ್ವಿಫ್ಟ್: ಕಾರ್ಯಾಚರಣಾ ವ್ಯವಸ್ಥೆಯ ಹೆಸರನ್ನು ಷರತ್ತಾಗಿ ಬರೆಯುವಾಗ ಅಪರಿಚಿತ ಹೆಸರು ಬಂದರೆ ಕಂಪೈಲರ್ ಎಚ್ಚರಿಸುತ್ತದೆ.
* ಗೋ: ಕಡತದ ಮೊದಲಿಗೆ ಬರೆಯುವ ಷರತ್ತುಗಳಿಂದ ಇಡೀ ಕಡತವೇ ಸೇರುತ್ತದೆ ಅಥವಾ ಬಿಟ್ಟುಹೋಗುತ್ತದೆ. 2021ರ 1.17ನೆಯ ಆವೃತ್ತಿಯಿಂದ ಈ ಷರತ್ತುಗಳಿಗೆ ಹೊಸ ಬರವಣಿಗೆಯ ಕ್ರಮ ಬಂದಿದೆ. ಷರತ್ತಿನ ವಾಕ್ಯರಚನೆಯನ್ನು ಪರೀಕ್ಷಿಸುವ ಸಾಧನವಿದೆ, ಆದರೆ ಪ್ರೋಗ್ರಾಮರ್ ತಾನೇ ಇಟ್ಟ ಹೆಸರಿನ ಕಾಗುಣಿತವನ್ನು ಅದು ಪರೀಕ್ಷಿಸದು.
* ಸಿ ಶಾರ್ಪ್: ಘೋಷಣೆಯಾಗದ ಹೆಸರು ಅಸತ್ಯವೆಂದು ಗಣನೆಯಾಗುತ್ತದೆ, ಎಚ್ಚರಿಕೆ ಬರುವುದಿಲ್ಲ.

## ಸಾಮಾನ್ಯ ಷರತ್ತಿನ ಬಳಕೆ

ಫ್ಲ್ಯಾಗ್ ಅನ್ನು ಪ್ರಿಪ್ರೊಸೆಸರಿನ ಬದಲು ಭಾಷೆಯ ಸಾಮಾನ್ಯ 'ಇಫ್' ವಾಕ್ಯದೊಳಗೆ ಸ್ಥಿರಾಂಕವಾಗಿ ಬಳಸುವುದು ಇನ್ನೊಂದು ಮಾರ್ಗ. ಆಗ ಎರಡೂ ಕವಲುಗಳನ್ನು ಕಂಪೈಲರ್ ಓದಿ ಪರಿಶೀಲಿಸುತ್ತದೆ. ಅನಂತರವೇ ಬೇಡವಾದ ಕವಲನ್ನು ತೆಗೆದುಹಾಕುತ್ತದೆ. ಕಡಿಮೆ ಬಳಕೆಯ ಕವಲಿನ ವ್ಯಾಕರಣದೋಷಗಳು ಹೀಗೆ ಎಲ್ಲ ಆವೃತ್ತಿಗಳಲ್ಲಿಯೂ ಬೆಳಕಿಗೆ ಬರುತ್ತವೆ. ಲಿನಕ್ಸ್ ಕರ್ನಲ್‌ನ ಶೈಲಿ ಸೂಚಿಯು 'ಈಸ್_ಎನೇಬಲ್ಡ್' ಎಂಬ ಮ್ಯಾಕ್ರೊ ಮೂಲಕ ಈ ಕ್ರಮವನ್ನೇ ಶಿಫಾರಸು ಮಾಡುತ್ತದೆ. ಆದರೆ ಆ ಮ್ಯಾಕ್ರೊಗೆ ತಪ್ಪು ಹೆಸರನ್ನು ಕೊಟ್ಟರೆ ಅದೂ 0 ಎಂದೇ ಉತ್ತರಿಸುವುದರಿಂದ, ಹೆಸರಿನ ಪರೀಕ್ಷೆ ಪ್ರತ್ಯೇಕವಾಗಿ ನಡೆಯಲೇಬೇಕು.

## ಕಲಿಕೆಯಲ್ಲಿ

ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಶಿಕ್ಷಣದಲ್ಲಿ ಸಿ ಭಾಷೆಯು ಬಹುಕಾಲದಿಂದ ಆರಂಭದ ಪಾಠವಾಗಿದೆ. ಬೀದರ್ ಜಿಲ್ಲೆಯಲ್ಲಿ 1980ರಲ್ಲಿ ಸ್ಥಾಪನೆಯಾದ ಬೀದರ್ ನಗರದ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಮತ್ತು 1982ರಲ್ಲಿ ಸ್ಥಾಪನೆಯಾದ ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಲಯ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಯೋಜನೆಗೆ ಒಳಪಟ್ಟಿವೆ. ಪ್ರಯೋಗಶಾಲೆಯ ಅಭ್ಯಾಸಗಳು ಸಾಮಾನ್ಯವಾಗಿ ಒಂದೇ ಕಡತ, ಒಂದೇ ಯಂತ್ರಕ್ಕೆ ಸೀಮಿತವಾಗಿರುವುದರಿಂದ ವಿದ್ಯಾರ್ಥಿಗಳಿಗೆ ಫ್ಲ್ಯಾಗ್‌ಗಳ ಮಹತ್ವ ಕೂಡಲೇ ಮನದಟ್ಟಾಗುವುದಿಲ್ಲ. ಈ ಕೆಳಗಿನ ಅಭ್ಯಾಸವನ್ನು ಯಾವ ಸಿ ಕಂಪೈಲರಿನಲ್ಲಾದರೂ ಮಾಡಿ ನೋಡಬಹುದು:

1. ಎರಡು ಭಾಷೆಗಳಲ್ಲಿ ಸ್ವಾಗತ ಹೇಳುವ ಪುಟ್ಟ ಪ್ರೋಗ್ರಾಂ ಬರೆದು, ಎರಡನೆಯ ಭಾಷೆಯ ಸಾಲನ್ನು ಒಂದು ಫ್ಲ್ಯಾಗ್‌ನ #ಇಫ್‌ಡೆಫ್ ಒಳಗೆ ಇರಿಸುವುದು.
2. ಫ್ಲ್ಯಾಗ್‌ನ ಹೆಸರಿನಲ್ಲಿ ಬೇಕೆಂದೇ ಒಂದು ಅಕ್ಷರವನ್ನು ತಪ್ಪಾಗಿ ಬರೆದು ಮತ್ತೆ ಕಂಪೈಲ್ ಮಾಡುವುದು. ಎಚ್ಚರಿಕೆ ಬಾರದಿರುವುದನ್ನೂ ಸಾಲು ಮಾಯವಾಗಿರುವುದನ್ನೂ ಗಮನಿಸುವುದು.
3. #ಇಫ್‌ಡೆಫ್ ಬದಲು #ಇಫ್ ಬಳಸಿ, ಸರಿಯಾದ ಹೆಸರಿಗೆ 1 ಎಂಬ ಬೆಲೆ ಕೊಟ್ಟು, ಡಬ್ಲ್ಯೂಅನ್‌ಡೆಫ್ ಆಯ್ಕೆಯೊಂದಿಗೆ ಕಂಪೈಲ್ ಮಾಡುವುದು. ತಪ್ಪು ಹೆಸರಿರುವ ಸಾಲಿನ ಸಂಖ್ಯೆಯನ್ನು ಕಂಪೈಲರ್ ಈಗ ತೋರಿಸುತ್ತದೆ.

## ಮಿತಿಗಳು

ಹೆಸರಿನ ಪರೀಕ್ಷೆಯು ಕಾಗುಣಿತದ ತಪ್ಪನ್ನು ಹಿಡಿಯುತ್ತದೆಯೇ ಹೊರತು ಉದ್ದೇಶದ ತಪ್ಪನ್ನು ಹಿಡಿಯದು. ಭಾಲ್ಕಿಯ ಆವೃತ್ತಿಗೆ 'ಮರಾಠಿ' ಫ್ಲ್ಯಾಗ್ ಕೊಡುವುದನ್ನೇ ಮರೆತರೆ, ಹೆಸರುಗಳೆಲ್ಲ ಸರಿಯಾಗಿದ್ದರೂ ಫಲಿತಾಂಶ ತಪ್ಪಾಗಿರುತ್ತದೆ. ಎಕ್ಸ್‌ಝಡ್ ಪ್ರಕರಣದಂತೆ ಬೆಲೆಯನ್ನು ನಿರ್ಧರಿಸುವ ಹಂತದಲ್ಲಿಯೇ ದೋಷವಿದ್ದರೂ ಹಾಗೆಯೇ. ಇಂಥ ಕಡೆ ಅನಿವಾರ್ಯವಾದ ಸೌಲಭ್ಯ ದೊರೆಯದಿದ್ದರೆ ಕಂಪೈಲೇಷನ್ ನಿಲ್ಲುವಂತೆ #ಎರರ್ ಬಳಸುವುದು ಉಚಿತ.

ಫ್ಲ್ಯಾಗ್‌ಗಳ ಸಂಖ್ಯೆ ಹೆಚ್ಚಿದಂತೆ ಸಂಯೋಜನೆಗಳೂ ಇಮ್ಮಡಿಸುತ್ತ ಹೋಗುತ್ತವೆ. ಹೌದು ಅಥವಾ ಇಲ್ಲ ಎಂಬ ಎರಡೇ ಬೆಲೆಗಳಿರುವ 10 ಫ್ಲ್ಯಾಗ್‌ಗಳಿಂದ 1,024 ಆವೃತ್ತಿಗಳು, 20 ಫ್ಲ್ಯಾಗ್‌ಗಳಿಂದ 10,48,576 ಆವೃತ್ತಿಗಳು ಸಾಧ್ಯ. ಎಲ್ಲವನ್ನೂ ಪರೀಕ್ಷಿಸುವುದು ಅಶಕ್ಯವಾದುದರಿಂದ, ವಾಸ್ತವವಾಗಿ ಜನರಿಗೆ ತಲುಪುವ ಪ್ರತಿಯೊಂದು ಆವೃತ್ತಿಯನ್ನಾದರೂ, ಅದನ್ನು ಬಳಸುವವರು ಎಷ್ಟೇ ಕಡಿಮೆಯಿರಲಿ, ಕಂಪೈಲ್ ಮಾಡಿ ಓಡಿಸಿ ನೋಡುವುದು ಅವಶ್ಯಕ.

## ಇವನ್ನೂ ನೋಡಿ

* ಕಂಪೈಲರ್
* ಸಿ (ಪ್ರೋಗ್ರಾಮಿಂಗ್ ಭಾಷೆ)
* ಯೂನಿಕೋಡ್
* ಲಿನಕ್ಸ್
* ಬೀದರ್ ಜಿಲ್ಲೆ